ಬರೆಯದೆ ಬಿಟ್ಟ ಒಂದಂಗುಲ

ಹಂಗಾರಕಟ್ಟೆ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ಊಟದ ವಿಷಯ. ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಗಂಜಿ ಸಿಗಲಿಲ್ಲ. ಮೀನು ದಂಡಿಯಾಗಿ ಸಿಕ್ಕಿತು, ಆದರೆ ಖಾರ ಹುಳಿ ಯಾವುದೂ ಇಲ್ಲದ ಮೀನು. ಇನ್ನು ನಾನು ಹೇಳಬೇಕಾದದ್ದನ್ನು ಹೇಳಬಹುದು. ಅದು ನಾನು ಬರೆಯದೆ ಬಿಟ್ಟ ಒಂದು ವಾಕ್ಯದ ವಿಷಯ. ಆ ವಾಕ್ಯ ನನ್ನ ಜೊತೆಗೇ ವಿಮಾನ ಹತ್ತಿ, ನನ್ನ ಜೊತೆಗೇ ಇಳಿದು, ಅಲ್ಲಿಯೂ ನನ್ನ ಬೆನ್ನು ಬಿಡಲಿಲ್ಲ.

ನನ್ನ ಅಣ್ಣಯ್ಯ ವಾಸು ಆಚಾರಿ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವನು. ನಾನು ಬ್ರಹ್ಮಾವರದ ಹತ್ತಿರ ಹೈಸ್ಕೂಲಿನಲ್ಲಿ ಗಣಿತದ ಮಾಷ್ಟ್ರು. ಅಪ್ಪ ತೀರಿಕೊಂಡಾಗ ಅವನು ಶಾಲೆ ಬಿಟ್ಟು ಉಳಿ ಹಿಡಿದದ್ದರಿಂದ ನಾನು ಓದಿದೆ. ಚಿಕ್ಕವನಿದ್ದಾಗ ಅವನು ಮರದ ಮೇಲೆ ಬಳುಕು ಗೆರೆ ಎಳೆಯುವಾಗ ದಾರದ ತುದಿಯ ಮೊಳೆಯನ್ನು ಅಲುಗದಂತೆ ಹಿಡಿದುಕೊಳ್ಳುವುದು ನನ್ನ ಕೆಲಸವಾಗಿತ್ತು. ಕಾಲೇಜು ಸೇರಿದ ಮೇಲೆ ಅವನು ಆ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಒಂದು ಚಳಿಗಾಲದಲ್ಲಿ ಕರೀನ್ ಎಂಬ ಸ್ವೀಡನ್ ದೇಶದ ಹೆಂಗಸು ಮರದ ದೋಣಿ ನೋಡಲು ಹಂಗಾರಕಟ್ಟೆಗೆ ಬಂದಳು. ಕಾಗದ, ನಕ್ಷೆ ಏನೂ ಇಲ್ಲದೆ ಮೊಳೆ ಮತ್ತು ದಾರದಲ್ಲೇ ಅಣ್ಣಯ್ಯ ದೋಣಿಯ ಹೊಟ್ಟೆಯ ಗೆರೆ ಎಳೆಯುವುದನ್ನು ಅರ್ಧ ದಿನ ನಿಂತು ನೋಡಿದಳು. ಅವಳ ಊರು ವೆನ್ ಎಂಬ ಪುಟ್ಟ ದ್ವೀಪ. ನಾನೂರು ವರ್ಷಕ್ಕೂ ಹಿಂದೆ ಅಲ್ಲಿ ಒಬ್ಬ ದೊಡ್ಡ ಖಗೋಳಜ್ಞನಿದ್ದ. ದುರ್ಬೀನು ಇನ್ನೂ ಹುಟ್ಟದ ಕಾಲ ಅದು. ಆಳೆತ್ತರದ ಯಂತ್ರಗಳನ್ನು ಮಾಡಿಸಿ, ಬರಿಗಣ್ಣಿನಲ್ಲೇ ನಕ್ಷತ್ರಗಳ ಜಾಗವನ್ನು ಅಳೆದು ಬರೆದಿಟ್ಟವನು. ಅವನ ಒಂದು ಯಂತ್ರವನ್ನು ಕೈಕೆಲಸದಲ್ಲೇ ಮತ್ತೆ ಮಾಡಿಸಿ ನಿಲ್ಲಿಸಬೇಕೆಂದು ದ್ವೀಪದವರ ಸಣ್ಣ ಸಂಘವೊಂದು ಹೊರಟಿತ್ತು. ಎರಡು ಉದ್ದ ತೋಳು, ಅವುಗಳ ತುದಿಗೆ ವೃತ್ತದ ಆರನೇ ಒಂದು ಭಾಗದಷ್ಟು ಕಮಾನು. ಎರಡು ನಕ್ಷತ್ರಗಳ ನಡುವಿನ ಕೋನ ಅಳೆಯುವ ಸಾಧನ. ಮರದ ಕೆಲಸ ಅಣ್ಣಯ್ಯನದು, ಕಮಾನಿನ ಮೇಲೆ ಕೂರುವ ಗೆರೆ ಕೊರೆದ ಹಿತ್ತಾಳೆ ಪಟ್ಟಿ ಅವರದು ಎಂದಾಯಿತು.

ಆ ಖಗೋಳಜ್ಞನ ಹೆಸರು ಅಣ್ಣಯ್ಯನ ಬಾಯಿಗೆ ಹತ್ತಲಿಲ್ಲ. ಹುಡುಗುಪ್ರಾಯದಲ್ಲಿ ಕತ್ತಿ ಜಗಳದಲ್ಲಿ ಮೂಗು ಹೋಗಿ, ಮತ್ತೆ ಜೀವಮಾನವೆಲ್ಲ ಲೋಹದ ಮೂಗು ಅಂಟಿಸಿಕೊಂಡಿದ್ದನಂತೆ ಎಂದು ನಾನು ಹೇಳಿದ ದಿನದಿಂದ ಅಣ್ಣಯ್ಯ ಆ ಖಗೋಳಜ್ಞನನ್ನು ‘ಮೂಗಿನ ಜೋಯ್ಸ್ರ್’ ಎಂದು ಕರೆಯತೊಡಗಿದ.

ನಕ್ಷೆ ಬಂತು. ನಾನು ಅಳತೆಯನ್ನೆಲ್ಲ ಅಂಗುಲಕ್ಕೆ ತಿರುಗಿಸಿ ಕೊಟ್ಟೆ. ಮೂರು ದಿನ ಬಿಟ್ಟು ಅಣ್ಣಯ್ಯ ಕರೆದ.

“ಶೀನ, ಈ ಅಳತೆ ಆಯಕ್ಕ್ ಸರಿ ಬತ್ತಿಲ್ಲ. ಮರಣಕ್ಕ್ ಬೀಳತ್ತ್. ನಾನ್ ಹೊರಬದಿ ಒಂದಂಗುಲ ಜಾಸ್ತಿ ಇಡ್ತೆ. ಅವ್ರಿಗ್ ಬರಿ. ಪಟ್ಟಿ ಕೂರ್ಸುದ್ ಹ್ಯಾಂಗಂದ್ರೆ…”

“ಆಯ್ತ್ ಅಣ್ಣಯ್ಯ, ಬರೀತೆ,” ಎಂದು ಬಸ್ಸಿಗೆ ಓಡಿದೆ. ಮುಂದಿನದನ್ನು ಕೇಳಲಿಲ್ಲ.

ಆಯ ಎಂದರೆ ನಮ್ಮ ಆಚಾರಿಗಳ ಲೆಕ್ಕ. ಮನೆಯಾಗಲಿ, ಬಾಗಿಲಾಗಲಿ, ದೋಣಿಯಾಗಲಿ, ಮರಕ್ಕೆ ಉಳಿ ತಾಗಿಸುವ ಮೊದಲು ಅಳತೆಯನ್ನು ಗುಣಿಸಿ ಭಾಗಿಸಿ ನೋಡುತ್ತಾರೆ. ಅದು ಬಾಲ್ಯ, ಕೌಮಾರ, ಯೌವನ, ವಾರ್ಧಕ್ಯ, ಮರಣ ಎಂಬ ಐದರಲ್ಲಿ ಒಂದಕ್ಕೆ ಬೀಳುತ್ತದೆ. ಕೊನೆಯದಕ್ಕೆ ಬಿದ್ದ ಅಳತೆಯಲ್ಲಿ ಯಾವ ಆಚಾರಿಯೂ ಮರ ಕಡಿಯುವುದಿಲ್ಲ.

ಬ್ರಹ್ಮಾವರದ ಸೈಬರ್ ಕೆಫೆಯಲ್ಲಿ ಕುಳಿತು ಕರೀನಳಿಗೆ ಪತ್ರ ಟೈಪ್ ಮಾಡಿದೆ. ಆಯದ ಜಾಗ ಬಂದಾಗ ಕೈ ನಿಂತಿತು. ವಿಜ್ಞಾನದ ಜನ, ಖಗೋಳಜ್ಞನ ಊರಿನವರು. ‘ನೀವು ಕೊಟ್ಟ ಅಳತೆ ಅಶುಭ’ ಎಂದು ಗಣಿತದ ಮಾಷ್ಟ್ರು ಬರೆಯುವುದೇ? ನಕ್ಕು ಕೆಲಸವನ್ನೇ ಬೇರೆಯವರಿಗೆ ಕೊಟ್ಟರೆ? ಒಂದಂಗುಲ ತಾನೆ, ಅಣ್ಣಯ್ಯ ಹೇಗೋ ಸರಿ ಮಾಡಿಕೊಳ್ಳುತ್ತಾನೆ ಎಂದು ಆ ವಾಕ್ಯ ಬಿಟ್ಟು ಪತ್ರ ಕಳಿಸಿಬಿಟ್ಟೆ.

“ಬರ್ದ್ಯಾ?” ಎಂದು ಅಣ್ಣಯ್ಯ ಕೇಳಿದ.

“ಹ್ಞಾಂ,” ಎಂದೆ.

ದ್ವೀಪದ ದಾರಿ

ಮರ ಪೆಟ್ಟಿಗೆಯಲ್ಲಿ ಹಡಗಿನಲ್ಲಿ ಹೋಯಿತು. ನಾವು ತಿಂಗಳುಗಳ ನಂತರ ಬೇಸಿಗೆ ರಜೆಯಲ್ಲಿ ವಿಮಾನದಲ್ಲಿ ಹೋದೆವು. ನಾನು ಹುಟ್ಟಾ ಪುಕ್ಕಲು. ಪಾಸ್‌ಪೋರ್ಟು ಇದೆಯೇ ಎಂದು ಕಿಸೆ ಮುಟ್ಟಿ ಮುಟ್ಟಿ ಅಂಗಿಯ ಗುಂಡಿಯೇ ಕಿತ್ತುಬಂತು. ತಪಾಸಣೆಯವರು ಅಣ್ಣಯ್ಯನ ಅಳತೆಕೋಲನ್ನು ಹಿಡಿದು ಇದೇನೆಂದು ಕೇಳಿದಾಗ ನಾನು ಮತ್ತೆ ಕಿಸೆ ಮುಟ್ಟಿ ನೋಡಿಕೊಂಡೆ. ಅಣ್ಣಯ್ಯ ಆ ಕೋಲನ್ನು ವಾಪಸು ತೆಗೆದುಕೊಂಡು, ಅವರದೇ ಮೇಜನ್ನು ಈ ಕಡೆಯಿಂದ ಆ ಕಡೆಗೆ ಅಳೆದು ತೋರಿಸಿದ. ಅವರು ನಕ್ಕು ಬಿಟ್ಟುಬಿಟ್ಟರು.

ಆ ದೇಶದ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಡಬ್ಬಿ ತುಂಬ ಜನ, ಆದರೂ ಸಾವಿನ ಮನೆಯ ಮೌನ. ನಮ್ಮ ಕುಂದಾಪುರದ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ಪಕ್ಕದವನ ಮಗಳ ಮದುವೆಯ ಮಾತುಕತೆ ಎಲ್ಲಿಯವರೆಗೆ ಬಂತೆಂದು ಗೊತ್ತಾಗಿರುತ್ತಿತ್ತು. ಆ ಮೌನದಲ್ಲಿ ನನಗೆ ಬರೆಯದ ವಾಕ್ಯ ಇನ್ನೂ ಜೋರಾಗಿ ಕೇಳಿಸಿತು. ಪೆಟ್ಟಿಗೆ ಒಡೆದಿರುತ್ತಾರೆಯೇ? ಅಳೆದಿರುತ್ತಾರೆಯೇ? ಅಣ್ಣಯ್ಯ ಕಿಟಕಿಯ ಹೊರಗೆ ನೋಡುತ್ತ ಆರಾಮವಾಗಿದ್ದ.

ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆ. ಅಣ್ಣಯ್ಯ ದೋಣಿಯ ಗೋಡೆಯನ್ನು ಗೆಣ್ಣಿನಲ್ಲಿ ಕುಟ್ಟಿ ನೋಡಿ, “ಬರೀ ಕಬ್ಣ,” ಎಂದು ಮುಖ ತಿರುಗಿಸಿ ಕೂತ. ದ್ವೀಪದಲ್ಲಿ ಬಂದವರೆಲ್ಲ ಹಳದಿ ಸೈಕಲ್ ಹತ್ತುತ್ತಾರೆ. ಕರೀನ್ ನಮಗೂ ಎರಡು ತಂದಿದ್ದಳು. ಅಣ್ಣಯ್ಯ ನೆಟ್ಟಗೆ ಹೋದ. ನಾನು ಅವಳು ಪೆಟ್ಟಿಗೆಯ ಬಗ್ಗೆ ಏನಾದರೂ ಹೇಳುತ್ತಾಳೋ ಎಂದು ಅವಳ ಮುಖವನ್ನೇ ನೋಡುತ್ತ ಗದ್ದೆಗೆ ಬಿದ್ದೆ. ಎದ್ದು ಬಟ್ಟೆ ಕೊಡವಿಕೊಳ್ಳುವಾಗ ಅವಳು, “ನಾಳೆ ನೀವೇ ಪೆಟ್ಟಿಗೆ ಬಿಚ್ಚಬೇಕೆಂದು ಮುಟ್ಟದೆ ಇಟ್ಟಿದ್ದೇವೆ,” ಎಂದಳು.

ರಾತ್ರಿಯೂಟ ಮುಗಿಸಿ ಹೊರಗೆ ಬಂದರೆ ಬಿಸಿಲು ಇನ್ನೂ ಹಾಗೇ ಇತ್ತು. ಅಣ್ಣಯ್ಯ ಗಡಿಯಾರವನ್ನೂ ಆಕಾಶವನ್ನೂ ಎರಡು ಮೂರು ಸಲ ನೋಡಿದ. “ಕತ್ಲೇ ಆತಿಲ್ಲ ಅಂದ್ರೆ, ಮೂಗಿನ ಜೋಯ್ಸ್ರ್ ನಕ್ಷತ್ರ ಕಂಡದ್ದ್ ಯಾವಾಗ ಮಾರಾಯಾ?” ಚಳಿಗಾಲದಲ್ಲಿ ಇದಕ್ಕೆಲ್ಲ ಸೇರಿಸಿ ಕತ್ತಲೆಯಾಗುತ್ತದೆ ಎಂದು ಕರೀನ್ ನಕ್ಕಳು.

ಮೊದಲ ದಿನ, ಗುನ್ನಾರನ ಕೊಟ್ಟಿಗೆ

ಗುನ್ನಾರ್ ದ್ವೀಪದ ಕೊನೆಯ ದೋಣಿ ಕಟ್ಟುವವನು, ಎಪ್ಪತ್ತು ದಾಟಿದ ಮುದುಕ. ಅವನ ಕೊಟ್ಟಿಗೆಯಲ್ಲಿ ಅರ್ಧ ಕಟ್ಟಿದ ದೋಣಿಯ ಪಕ್ಕ ನಮ್ಮ ಪೆಟ್ಟಿಗೆಗಳಿದ್ದವು. ಬಿಚ್ಚಿದ ಕೂಡಲೆ ಹಲಸಿನ ಮರದ ವಾಸನೆ ಬಂತು. ಅಣ್ಣಯ್ಯ ಒಂದು ಗಂಟೆಯಲ್ಲಿ ಎಲ್ಲ ಜೋಡಿಸಿದ. ಕಮಾನಿನ ಅಂಚಿನ ಮೇಲೆ ಗುನ್ನಾರ್ ಅಂಗೈ ಆಡಿಸಿ ತಲೆದೂಗಿದ.

ಆಮೇಲೆ ಅವನು ಹಿತ್ತಾಳೆ ಪಟ್ಟಿ ತಂದ. ಬಗ್ಗಿಸಿ, ಅರವತ್ತು ಅಂಶಗಳ ಗೆರೆ ಕೊರೆಸಿ ಆಗಿತ್ತು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಬಳೆ ತೊಡಿಸಿದ ಹಾಗೆ ಅದನ್ನು ಕಮಾನಿನ ಹೊರ ಅಂಚಿಗೆ ತೊಡಿಸಬೇಕೆಂದು ಅವರು ಎಣಿಸಿದ್ದರು. ಒಂದು ತುದಿ ಹಿಡಿದು ಒತ್ತುತ್ತಾ ಹೋದರು. ಇನ್ನೊಂದು ತುದಿಯಲ್ಲಿ ಪಟ್ಟಿ ಮುಗಿಯಿತು, ಮರ ಮುಗಿಯಲಿಲ್ಲ. ಒಂದಂಗುಲದಷ್ಟು ಬರಿಮರ ಉಳಿಯಿತು. ತ್ರಿಜ್ಯ ಒಂದಂಗುಲ ಹೆಚ್ಚಾದರೆ ವೃತ್ತದ ಆರನೇ ಒಂದು ಭಾಗದ ಕಮಾನೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಇದನ್ನು ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವನು.

ಎಲ್ಲರೂ ನನ್ನನ್ನು ನೋಡಿದರು, ಕನ್ನಡವೂ ಇಂಗ್ಲಿಷೂ ಗೊತ್ತಿದ್ದವನು ನಾನೊಬ್ಬನೇ. ಆಗ ನನ್ನ ಬಾಯಿಂದ ಬಂದದ್ದು ಇದು: “ಹಡಗಿನಲ್ಲಿ ಸಮುದ್ರದ ತೇವಕ್ಕೆ ಮರ ಉಬ್ಬಿದೆ.”

ಕರೀನ್ ಉಸಿರು ಬಿಟ್ಟಳು. ಈ ಯಂತ್ರಕ್ಕೆಂದೇ ಅವಳು ಒಂದು ಪುಸ್ತಕ ಇಟ್ಟಿದ್ದಳು. ನಾನು ಹೇಳಿದ್ದನ್ನು ಅದರಲ್ಲಿ ಬರೆದುಕೊಂಡಳು. “ಹಾಗಾದರೆ ಚಿಂತೆಯಿಲ್ಲ. ನಾಳೆ ಬೆಳಿಗ್ಗೆ ಗುನ್ನಾರ್ ಯಂತ್ರದ ಗರಗಸದಲ್ಲಿ ಹೊರ ಅಂಚಿನ ಒಂದಂಗುಲ ಕೊಯ್ದು ತೆಗೆಯುತ್ತಾನೆ. ಮಧ್ಯಾಹ್ನದ ಸಮಾರಂಭದೊಳಗೆ ಮುಗಿಯುತ್ತದೆ.”

“ಅವ್ರ್ ಎಂತ ಹೇಳ್ತ್ರ್?” ಎಂದು ಅಣ್ಣಯ್ಯ ಕೇಳಿದ.

“ನಾಳೆ ಕಾಂಬ ಅಂದ್ರ್,” ಎಂದೆ. ಇದು ಮೂರನೆಯ ಸುಳ್ಳು.

ಕರೀನ್ ಹೋದ ಮೇಲೆ ಗುನ್ನಾರ್ ಅಣ್ಣಯ್ಯನ ಹತ್ತಿರ ಬಂದ. ಹಲಸಿನ ಒಂದು ಚೂರು ಎತ್ತಿ, ಅದರ ಅಡ್ಡಕ್ಕೆ ಬೆರಳು ಇಟ್ಟು ಸ್ವಲ್ಪವೇ ಅಗಲಿಸಿ ತಲೆಯಾಡಿಸಿದ. ಆಮೇಲೆ ಉದ್ದಕ್ಕೆ ಎರಡು ಕೈ ಇಟ್ಟು, ಎಳೆದ ಹಾಗೆ ಮಾಡಿ, ಇಲ್ಲವೆಂದು ತಲೆ ಅಲ್ಲಾಡಿಸಿ, ನನ್ನ ಕಡೆ ಬೆರಳು ತೋರಿಸಿದ. ಅಷ್ಟು ಸಾಕಾಯಿತು.

“ಮರ ಉಬ್ಬಿತ್ ಅಂದ್ಯಾ?” ಅಣ್ಣಯ್ಯನ ದನಿ ಏರಲಿಲ್ಲ. “ಮರ ಅಡ್ಡಕ್ಕ್ ಉಬ್ಬತ್ತ್, ಅದೂ ಒಂದ್ ನೂಲ್. ಉದ್ದಕ್ಕ್ ಉಬ್ಬು ಮರ ಎಲ್ಲಾರೂ ಇತ್ತಾ? ಒಣಗ್ದಿದ್ ಮರ ತಕಂಬಂದಿದೆ ಅಂದ್ ಹೇಳ್ದಾಂಗ್ ಆಯ್ತಲ್ಲ. ಆಯದ್ ವಿಷ್ಯ ಬರ್ದಿದೆ ಅಂದಿದ್ಯಲ್ಲ?”

ಬರೆಯಲಿಲ್ಲ ಎಂದೆ. ನಾಚಿಕೆಯಾಯಿತು ಎಂದೆ. ನಾಳೆ ಕೊಯ್ಯುತ್ತಾರೆ ಎಂಬುದನ್ನೂ ಹೇಳಿದೆ. ಕೊಯ್ದರೆ ಅವನು ಕಡಿಯಲು ಒಪ್ಪದ ಅಳತೆಗೇ ಮರ ಬಂದು ನಿಲ್ಲುತ್ತದೆ. ಅಣ್ಣಯ್ಯ ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿದ.

“ಆಯ್ತ್ ಮಾಷ್ಟ್ರೇ,” ಎಂದ.

ಹುಟ್ಟಿದಾಗಿನಿಂದ ಅವನಿಗೆ ನಾನು ಶೀನ. ಊರೆಲ್ಲ ಮಾಷ್ಟ್ರೇ ಎನ್ನುವಾಗಲೂ ಅವನು ಒಂದು ಸಲವೂ ಅಂದವನಲ್ಲ. ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಅದೇ ಸಂಜೆ, ಜೋಯಿಸರ ಹಿತ್ತಲು

ಕರೀನ್ ನಮ್ಮನ್ನು ಖಗೋಳಜ್ಞನ ಮನೆಯಿದ್ದ ಜಾಗಕ್ಕೆ ಕರೆದುಕೊಂಡು ಹೋದಳು. ಅಣ್ಣಯ್ಯ ನಮ್ಮಿಂದ ಹತ್ತು ಹೆಜ್ಜೆ ಹಿಂದೆ ನಡೆದ.

ನೋಡಲು ಹೆಚ್ಚೇನಿಲ್ಲ. ಮಣ್ಣಿನ ದಿಬ್ಬ, ಹೂತೋಟದ ಗುರುತು, ನೆಲದೊಳಗೆ ಇಳಿಯುವ ಕೋಣೆಗಳ ಜಾಗ. ಗಾಳಿಗೆ ಯಂತ್ರ ಅಲುಗಿದರೆ ಅಳತೆ ಕೆಡುತ್ತದೆಂದು ಅವನು ಅವುಗಳನ್ನು ನೆಲದೊಳಗೆ ಇರಿಸಿದ್ದನಂತೆ. ರಾಜ ಅವನಿಗೆ ದ್ವೀಪವನ್ನೇ ಕೊಟ್ಟಿದ್ದ. ಅಲ್ಲಿ ಅರಮನೆಯಂಥ ಮನೆ, ಅಚ್ಚುಕೂಟ, ಕಾಗದದ ಗಿರಣಿ ಎಲ್ಲ ಕಟ್ಟಿಸಿದ. ದ್ವೀಪದ ರೈತರಿಂದ ಬಿಟ್ಟಿ ದುಡಿಸಿದ. ಇಪ್ಪತ್ತು ವರ್ಷ ಆಕಾಶ ಅಳೆದ ಮೇಲೆ ಹೊಸ ರಾಜನೊಂದಿಗೆ ಮನಸ್ತಾಪವಾಗಿ ಬಿಟ್ಟುಹೋದ. ಅವನು ಹೋದದ್ದೇ ತಡ, ದ್ವೀಪದವರು ಮನೆಯನ್ನು ಕೆಡವಿ ಇಟ್ಟಿಗೆ ಹೊತ್ತುಕೊಂಡು ಹೋದರು. “ನಮ್ಮ ಒಲೆಯಲ್ಲೂ ಅವನ ಇಟ್ಟಿಗೆ ಇದೆ ಎನ್ನುತ್ತಿದ್ದರು ನಮ್ಮಜ್ಜಿ,” ಎಂದಳು ಕರೀನ್, ಸ್ವಲ್ಪವೂ ಮುಜುಗರವಿಲ್ಲದೆ. ನಮ್ಮಲ್ಲಾದರೆ ಇಂಥದ್ದನ್ನು ಮುಚ್ಚಿಡಲು ನಾವು ನಾಲ್ಕು ಕಥೆ ಕಟ್ಟುತ್ತಿದ್ದೆವು.

ಅಡಿಗಲ್ಲು ಹಾಕಿದ ದಿನದ ವಿಷಯವನ್ನೂ ಅವಳು ಹೇಳಿದಳು. ಗೆಳೆಯರೆಲ್ಲ ಬೆಳಕು ಹರಿಯುವ ಮೊದಲೇ ಬಂದು ಸೇರಿದ್ದರಂತೆ. ಸೂರ್ಯ ಹುಟ್ಟುವಾಗ ಗುರುಗ್ರಹವೂ ಸಿಂಹರಾಶಿಯ ದೊಡ್ಡ ನಕ್ಷತ್ರವೂ ಒಟ್ಟಿಗಿರುವ ಗಳಿಗೆಗೆ ಕಾದು, ದ್ರಾಕ್ಷಾರಸ ಎರೆದು ಕಲ್ಲು ಇಟ್ಟರಂತೆ.

“ಅಂದರೆ ಮುಹೂರ್ತ ನೋಡಿ?” ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು.

“ನೋಡದೆ ಮತ್ತೆ? ರಾಜಕುಮಾರರ ಜಾತಕ ಬರೆದುಕೊಟ್ಟವನಲ್ಲವೇ ಅವನು,” ಎಂದಳು.

ಯಾರು ನಗುತ್ತಾರೆಂದು ನಾನು ಹೆದರಿದ್ದೆನೋ ಅವರ ದೊಡ್ಡ ಮನುಷ್ಯನೇ ಜೋಯಿಸ. ಅಣ್ಣಯ್ಯ ಹುಡುಗಾಟಕ್ಕೆ ಇಟ್ಟ ಹೆಸರು ನಿಜವೇ ಆಗಿತ್ತು. ಅಣ್ಣಯ್ಯನಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ, ಒಂದಕ್ಷರ ಬಿಡದೆ. ಅವನು ದಿಬ್ಬದ ಹುಲ್ಲು ನೋಡುತ್ತ ಕೇಳಿದ: “ಮತ್ತೆ ನೀವ್ ನಾಚ್ಕಂಡದ್ದ್ ಯಾರಿಗ್ ಮಾಷ್ಟ್ರೇ?”

ಕರೀನ್ ಮುಂದೆ ಹೇಳುತ್ತಲೇ ಇದ್ದಳು. ಖಗೋಳಜ್ಞ ತನ್ನ ಒಂದು ಯಂತ್ರವನ್ನು ಇನ್ನೊಂದರ ಎದುರು ಇಟ್ಟು ಪರೀಕ್ಷಿಸುತ್ತಿದ್ದ, ಯಾವುದರ ಅಳತೆ ಎಷ್ಟು ತಪ್ಪುತ್ತದೆಂದು ನೋಡಿಟ್ಟುಕೊಳ್ಳುತ್ತಿದ್ದ. ಅವನು ಸತ್ತ ಮೇಲೆ ಅವನ ಸಹಾಯಕ ಆ ಅಂಕಿಗಳನ್ನು ಹಿಡಿದು ಕುಳಿತ. ಲೆಕ್ಕಕ್ಕೂ ಅಳತೆಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂತು. ಬೇರೆಯವರ ಅಳತೆಯಾಗಿದ್ದರೆ ತಳ್ಳಿಬಿಡುತ್ತಿದ್ದ. ಇವನದ್ದಾದ್ದರಿಂದ ನಂಬಿದ, ನಂಬಿದ್ದರಿಂದಲೇ ಗ್ರಹಗಳ ದಾರಿ ಪೂರ್ತಿ ವೃತ್ತವಲ್ಲ ಎಂದು ಕಂಡುಕೊಂಡ. ಕೂದಲೆಳೆಯ ಮಾತು ಕೇಳುವಾಗ ನನ್ನ ಕಣ್ಣ ಮುಂದೆ ಒಂದಂಗುಲದ ಬರಿಮರ ಇತ್ತು.

ಅಲ್ಲಿಂದ ಬಂದ ಮೇಲೆ ಸಂಘದವರ ಊಟ. ಒಬ್ಬೊಬ್ಬರಾಗಿ ಎದ್ದು ಮಾತಾಡುವುದು ಅಲ್ಲಿಯ ಪದ್ಧತಿ. ಯಾರೋ ಮಾತಾಡುವಾಗ ನಡುವೆ ಏಳುವುದು ಮರ್ಯಾದೆಯಲ್ಲವೇನೋ ಎಂದು ನಾನು ಎದ್ದೇ ಇರಲಿಲ್ಲ. ಕಾಫಿ ಎರಡು ಲೋಟ ಆಗಿತ್ತು, ಕಾಲು ಒಂದರ ಮೇಲೊಂದು ಹಾಕಿ ಬೆವರುತ್ತಿದ್ದೆ. ಖಗೋಳಜ್ಞ ಸತ್ತದ್ದೂ ಹೀಗೇ ಎಂದು ಕರೀನ್ ಆಗಷ್ಟೇ ಹೇಳಿದ್ದಳು. ದೊಡ್ಡವರ ಪಂಕ್ತಿಯಿಂದ ಏಳಬಾರದೆಂದು ಮೂತ್ರ ಕಟ್ಟಿಕೊಂಡು ಕೂತು, ಕಾಯಿಲೆ ಬಿದ್ದು, ಹನ್ನೊಂದನೇ ದಿನ ಹೋದನಂತೆ. ಅದನ್ನೂ ಅಣ್ಣಯ್ಯನಿಗೆ ಕನ್ನಡದಲ್ಲಿ ಹೇಳಿದ್ದೆ.

“ಹ್ವಾಯ್ ಮಾಷ್ಟ್ರೇ,” ಅಣ್ಣಯ್ಯ ತಟ್ಟೆಯಿಂದ ತಲೆಯೆತ್ತದೆ ಹೇಳಿದ, “ಎದ್ಕಣಿ. ಕಟ್ಕಂಡ್ ಕೂತ್ರೆ ಜೋಯ್ಸ್ರ್ ಗತಿಯೇ.”

ಎದ್ದು ಹೋಗಿ ಬಂದೆ. ಮೈ ಹಗುರವಾಯಿತು. ಆದರೆ ಕಟ್ಟಿಕೊಂಡ ಇನ್ನೊಂದು ಹಾಗೇ ಇತ್ತು. ಅದನ್ನೂ ಸೇರಿಸಿಯೇ ಅವನು ಹೇಳಿದ್ದೆಂದು ತಿಳಿದೂ ನಾನು ಆ ಸಂಜೆ ಬಾಯಿ ಬಿಡಲಿಲ್ಲ.

ಎರಡನೇ ದಿನ, ಬೆಳಿಗ್ಗೆ

ಕೊಟ್ಟಿಗೆಗೆ ಹೋದಾಗ ಕಮಾನನ್ನು ಮೇಜಿಗೆ ಬಿಗಿದಾಗಿತ್ತು. ಅಂಚಿನಿಂದ ಒಂದಂಗುಲ ಒಳಗೆ ಪೆನ್ಸಿಲಿನ ಗುರುತು. ಗುನ್ನಾರನ ಕೈಯಲ್ಲಿ ಗರಗಸ. ಅಣ್ಣಯ್ಯ ಹೋಗಿ ಮರದ ಅಂಚಿನ ಮೇಲೆ ಅಂಗೈ ಊರಿ ನಿಂತ. ಕೈ ತೆಗೆಯಲಿಲ್ಲ. ಗುನ್ನಾರ್ ಗರಗಸದ ಗುಂಡಿ ಒತ್ತದೆ ನನ್ನನ್ನೇ ನೋಡಿದ.

“ಯಾಕೆ?” ಎಂದಳು ಕರೀನ್. “ಸಮಯವಿಲ್ಲ.”

“ಮರ ಉಬ್ಬಿಲ್ಲ,” ಎಂದೆ. “ನಾನು ಸುಳ್ಳು ಹೇಳಿದೆ.” ಆಮೇಲೆ ಆಯ, ಮರಣದ ಅಳತೆ, ಬ್ರಹ್ಮಾವರದಲ್ಲಿ ಟೈಪ್ ಮಾಡದೆ ಬಿಟ್ಟ ವಾಕ್ಯ, ಎಲ್ಲ ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅಣ್ಣನ ಮರದಲ್ಲಿ ತಪ್ಪಿಲ್ಲ, ನನ್ನ ಪತ್ರದಲ್ಲಿ ತಪ್ಪಿದೆ ಎಂದೆ.

ಕರೀನಳ ಮುಖ ಕೆಂಪಾಯಿತು. “ಒಂದು ಸಾಲು ಬರೆದಿದ್ದರೆ ಪಟ್ಟಿಯನ್ನೇ ಒಂದಂಗುಲ ದೊಡ್ಡದು ಮಾಡಿಸುತ್ತಿದ್ದೆವು,” ಎಂದಳು. ಅದು ಸಿಟ್ಟಿನ ಮಾತೇ. ಮತ್ತೆ ಪುಸ್ತಕ ತೆರೆದು ನಿನ್ನೆಯ ಸಾಲಿಗೆ ಗೀಟು ಹೊಡೆದು, ಪೆನ್ನನ್ನು ನನ್ನ ಕೈಗೆ ಕೊಟ್ಟಳು. “ನೀವೇ ಬರೆಯಿರಿ.”

ಬರೆದೆ. ಈ ಅಳತೆ ನಮ್ಮ ಆಚಾರಿಗಳ ಲೆಕ್ಕದಲ್ಲಿ ಮರಣಕ್ಕೆ ಬೀಳುವುದರಿಂದ ವಾಸು ಆಚಾರಿಯವರು ಹೊರಬದಿಗೆ ಒಂದಂಗುಲ ಹೆಚ್ಚು ಇಟ್ಟಿದ್ದಾರೆ, ಇದನ್ನು ತಿಳಿಸುವ ಕೆಲಸ ನನ್ನದಾಗಿತ್ತು, ನಾನು ತಿಳಿಸಲಿಲ್ಲ. ಇಂಗ್ಲಿಷಿನಲ್ಲಿ ಒಮ್ಮೆ, ಕೆಳಗೆ ಕನ್ನಡದಲ್ಲಿ ಒಮ್ಮೆ. ಕನ್ನಡದ್ದನ್ನು ಅಣ್ಣಯ್ಯನಿಗೆ ಓದಿ ಹೇಳಿದೆ.

ಆಗ ಅಣ್ಣಯ್ಯ ಕೈ ತೆಗೆದ. ಒಂದು ಮರದ ಚೂರಿನ ಅಂಚಿಗೆ ಉಳಿಯಲ್ಲಿ ಅರ್ಧ ದಪ್ಪದ ಮೆಟ್ಟಿಲು ಕಡಿದು, ಆ ಮೆಟ್ಟಿಲಿನ ಒಳಗೋಡೆಗೆ ತಗಡಿನ ತುಂಡು ಆನಿಸಿ ತೋರಿಸಿದ. ಪಟ್ಟಿ ಅವರು ಹೇಳಿದ ಅಳತೆಯಲ್ಲೇ ಕೂರುತ್ತದೆ, ಅದರ ಕೆಳಗೆ ಮರ ತನ್ನ ಪೂರ್ತಿ ಅಳತೆಯಲ್ಲಿ ಉಳಿಯುತ್ತದೆ. ನಾನು ಬಸ್ಸಿಗೆ ಓಡಿದ ದಿನ ಅವನು ಹೇಳಹೊರಟದ್ದು ಇಷ್ಟೇ. ಒಂದೇ ಕೇಂದ್ರದ ಎರಡು ವೃತ್ತ, ನಾನು ಒಂಬತ್ತನೇ ತರಗತಿಗೆ ಕಲಿಸುವ ಪಾಠ.

ಗುನ್ನಾರ್ ಜೋರಾಗಿ ಏನೋ ಅಂದು ಅಣ್ಣಯ್ಯನ ತೋಳು ಹಿಡಿದು ತನ್ನ ದೋಣಿಯ ಅಡಿಗೆ ಎಳೆದುಕೊಂಡು ಹೋದ. ಅಡಿಮರದ ಎರಡೂ ಬದಿಗೆ, ಹಲಗೆ ಕೂರುವ ಕಡೆ, ಅದೇ ಮೆಟ್ಟಿಲು. ಇಬ್ಬರೂ ಅದರ ಮೇಲೆ ಬೆರಳಾಡಿಸುತ್ತ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿದರು. ನನ್ನ ಅಗತ್ಯ ಅವರಿಗೆ ಬೀಳಲಿಲ್ಲ.

ಮಧ್ಯಾಹ್ನದ ಸಮಾರಂಭ ಒಂದು ಗಂಟೆ ತಡವಾಯಿತು. ಪಟ್ಟಿಯ ಎರಡೂ ತುದಿ ಮರದ ಎರಡೂ ತುದಿಗೆ ಸರಿಯಾಗಿ ಕೂತಿತು. ಓದುವವರು ಉಸಿರು ಬಿಗಿಹಿಡಿದು ಕೂರುವುದು ಬೇಡವೆಂದು ಇದನ್ನು ಮೊದಲೇ ಹೇಳಿದೆ. ನನಗೆ ಈಗಲೂ ನೆನಪಾಗುವುದು ಮೆಟ್ಟಿಲು ಕಡಿಯುವ ಮೊದಲಿನ ಐದು ನಿಮಿಷ.

ಒಳಗಿನ ಗೆರೆ ಎಳೆಯಬೇಕಿತ್ತು. ಎರಡು ತೋಳು ಸೇರುವ ಕೇಂದ್ರದಲ್ಲಿ ಮೊಳೆ, ಅಲ್ಲಿಂದ ಕಮಾನಿನವರೆಗೆ ದಾರ. ಗುನ್ನಾರ್ ಮೊಳೆ ಹಿಡಿಯಲು ಮುಂದೆ ಬಂದ. ಅಣ್ಣಯ್ಯ ಬೇಡವೆಂದು ಕೈ ಅಡ್ಡ ಮಾಡಿ, ನನ್ನ ಕಡೆಗೆ ಮೊಳೆ ಚಾಚಿದ.

“ಶೀನ, ಹಿಡಿ,” ಎಂದ. “ಕೈ ನಡುಗ್ಸ್‌ಬ್ಯಾಡ.”

ನಾನು ಮೊಣಕಾಲೂರಿ ಕುಳಿತು ಎರಡೂ ಕೈಯಲ್ಲಿ ಮೊಳೆ ಹಿಡಿದೆ. ದಾರ ಬಿಗಿಯಾಯಿತು. ಅವನು ಆ ತುದಿಯಿಂದ ಈ ತುದಿಗೆ ಗೆರೆ ಎಳೆದು ಮುಗಿಸುವವರೆಗೂ ಮೊಳೆ ಅಲುಗದಂತೆ ನೋಡಿಕೊಂಡೆ.